ಮಕ್ಕಳ ರಕ್ತದಲ್ಲಿ ಸೀಸ: ಲಕ್ಷಣ ಕಾಣುವವರೆಗೆ ಕಾಯುವಂತಿಲ್ಲ, ಏಲೂರು ಘಟನೆ ಕಲಿಸಿದ ಪಾಠವೇನು?

ಡಿಸೆಂಬರ್ 2020. ಆಂಧ್ರಪ್ರದೇಶದ ಏಲೂರು ಪಟ್ಟಣದಲ್ಲಿ ಜನ ಇದ್ದಕ್ಕಿದ್ದಂತೆ ಕುಸಿದು ಬೀಳತೊಡಗಿದರು. ಕೆಲವರಿಗೆ ಫಿಟ್ಸ್, ಕೆಲವರಿಗೆ ತಲೆಸುತ್ತು, ವಾಂತಿ. ಕೆಲವೇ ದಿನಗಳಲ್ಲಿ ಅಸ್ವಸ್ಥರ ಸಂಖ್ಯೆ 600 ದಾಟಿತು. ಅವರಲ್ಲಿ ಮಕ್ಕಳೂ ಇದ್ದರು. ಸ್ಥಿತಿ ಗಂಭೀರವಾಗಿದ್ದವರನ್ನು ಸುಮಾರು 60 ಕಿ.ಮೀ. ದೂರದ ವಿಜಯವಾಡಕ್ಕೆ ಸಾಗಿಸಲಾಯಿತು. ಕೋವಿಡ್ ಭೀತಿಯ ನಡುವೆಯೇ ಬಂದೆರಗಿದ ಈ 'ನಿಗೂಢ ಕಾಯಿಲೆ' ದೇಶದಾದ್ಯಂತ ಸುದ್ದಿಯಾಯಿತು.

ದೆಹಲಿಯ ಏಮ್ಸ್‌ಗೆ ಕಳುಹಿಸಿದ ರಕ್ತದ ಮಾದರಿಗಳಲ್ಲಿ ಸೀಸ ಮತ್ತು ನಿಕಲ್ ಅಂಶ ಪತ್ತೆಯಾಗಿದೆ ಎಂಬ ಪ್ರಾಥಮಿಕ ವರದಿ ಬಂದಾಗ ಎಲ್ಲರ ಕಣ್ಣು ಸೀಸದ ಮೇಲೆ ಬಿತ್ತು. ನೀರಿನಿಂದ ಬಂತೇ, ಹಳೆಯ ಬ್ಯಾಟರಿಗಳಿಂದ ಬಂತೇ ಎಂಬ ಚರ್ಚೆ ನಡೆಯಿತು. ಆದರೆ ನಂತರದ ತನಿಖೆಯಲ್ಲಿ ಬೆರಳು ತಿರುಗಿದ್ದು ಕೀಟನಾಶಕದ ಅಂಶದ ಕಡೆಗೆ. ಸುದ್ದಿ ತಣ್ಣಗಾಯಿತು. ಸೀಸದ ಮಾತೂ ಅಲ್ಲಿಗೇ ನಿಂತಿತು.

ಆದರೆ ಒಂದು ಪ್ರಶ್ನೆ ಹಾಗೆಯೇ ಉಳಿಯಿತು. ರಕ್ತದಲ್ಲಿ ಸಿಕ್ಕ ಆ ಸೀಸ ಅದೇ ವಾರ ಸೇರಿದ್ದೋ, ಅಥವಾ ವರ್ಷಗಳಿಂದ ಅಲ್ಲೇ ಇದ್ದದ್ದೋ? ಇದಕ್ಕೆ ಉತ್ತರ ಹೇಳಬೇಕಾದರೆ ಕಾಯಿಲೆಗೂ ಮೊದಲು ಆ ಊರಿನ ಜನರ, ಅದರಲ್ಲೂ ಮಕ್ಕಳ ರಕ್ತದಲ್ಲಿ ಎಷ್ಟು ಸೀಸವಿತ್ತು ಎಂಬ ಲೆಕ್ಕ ಇರಬೇಕು. ಭಾರತದಲ್ಲಿ ಮಕ್ಕಳ ರಕ್ತವನ್ನು ಸೀಸಕ್ಕಾಗಿ ನಿಯಮಿತವಾಗಿ ಪರೀಕ್ಷಿಸುವ ರಾಷ್ಟ್ರೀಯ ವ್ಯವಸ್ಥೆ ಇಲ್ಲ. ಹೋಲಿಸಿ ನೋಡಲು ಹಳೆಯ ಅಂಕಿ ಇಲ್ಲದಿದ್ದರೆ ಹೊಸ ಅಂಕಿಯ ಅರ್ಥ ತಿಳಿಯುವುದು ಕಷ್ಟ.

ವಿಶಾಖಪಟ್ಟಣ, ವಿಜಯವಾಡದಂತಹ ಕೈಗಾರಿಕಾ ನಗರಗಳಿಗೆ ಈ ಪರೀಕ್ಷೆ ಏಕೆ ಬೇಕು, ಅದನ್ನು ಹೇಗೆ ಮಾಡುತ್ತಾರೆ, ಫಲಿತಾಂಶ ಬಂದ ಮೇಲೆ ಏನು ಮಾಡಬೇಕು? ಇಲ್ಲಿದೆ ವಿವರ.

ಸೀಸ ಮಗುವಿನ ದೇಹದಲ್ಲಿ ಏನು ಮಾಡುತ್ತದೆ?

ಸೀಸದಿಂದ ಮನುಷ್ಯನ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಆದರೆ ದೇಹ ಅದನ್ನು ಕ್ಯಾಲ್ಸಿಯಂ ಎಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತಕ್ಕೆ ಸೇರಿದ ಸೀಸ ಮಿದುಳನ್ನು ತಲುಪುತ್ತದೆ, ಮೂಳೆ ಮತ್ತು ಹಲ್ಲುಗಳಲ್ಲಿ ಶೇಖರವಾಗುತ್ತದೆ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಮೂಳೆಯೊಳಗೆ ಸೇರಿದ್ದು ದಶಕಗಟ್ಟಲೆ ಉಳಿಯುತ್ತದೆ. ಗರ್ಭಿಣಿಯ ಮೂಳೆಯಲ್ಲಿದ್ದ ಹಳೆಯ ಸೀಸ ಹೊಟ್ಟೆಯಲ್ಲಿರುವ ಮಗುವಿಗೂ ದಾಟಬಲ್ಲದು.

ದೊಡ್ಡವರಿಗಿಂತ ಮಕ್ಕಳಿಗೆ ಅಪಾಯ ಹೆಚ್ಚು. ಒಂದೇ ಮೂಲದಿಂದ ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಭಾಗವನ್ನು ಪುಟ್ಟ ಮಕ್ಕಳ ದೇಹ ಹೀರಿಕೊಳ್ಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಬೆಗಾಲಿಡುವ ಮಗು ನೆಲದ ಮೇಲೇ ಇರುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಮಿದುಳು ಅತಿ ವೇಗವಾಗಿ ಬೆಳೆಯುವ ವಯಸ್ಸೂ ಅದೇ.

ಪರಿಣಾಮ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಗಮನ ನಿಲ್ಲದಿರುವುದು, ಕಲಿಕೆಯಲ್ಲಿ ಹಿಂದೆ ಬೀಳುವುದು, ಮಾತು ತಡವಾಗುವುದು, ಸಿಡುಕುತನ, ಬುದ್ಧಿಮತ್ತೆಯ ಅಂಕ ಇಳಿಯುವುದು ಇವುಗಳಲ್ಲಿ ಕೆಲವು. ಇವುಗಳಿಗೆ ಬೇರೆ ನೂರು ಕಾರಣಗಳೂ ಇರಬಹುದು. ಹಾಗಾಗಿ ಶಾಲೆಯಲ್ಲಿ ಹಿಂದುಳಿದ ಮಗುವನ್ನು 'ಸೋಮಾರಿ', 'ತುಂಟ' ಎಂದು ಕರೆಯುತ್ತಾರೆಯೇ ಹೊರತು ಸೀಸದ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಹೊಟ್ಟೆನೋವು, ವಾಂತಿ, ಫಿಟ್ಸ್ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಪ್ರಮಾಣ ತೀರಾ ಏರಿದ ಮೇಲೆ. ಅಷ್ಟು ಹೊತ್ತಿಗೆ ಮಿದುಳಿಗೆ ಆದ ಹಾನಿಯನ್ನು ಪೂರ್ತಿ ಸರಿಪಡಿಸಲು ಸಾಧ್ಯವಾಗದಿರಬಹುದು.

ಮಣ್ಣು ತಿನ್ನುವ ಮಕ್ಕಳ ಬಗ್ಗೆ ವಿಶೇಷ ಎಚ್ಚರ ಬೇಕು. ಕಬ್ಬಿಣಾಂಶದ ಕೊರತೆ ಇರುವ ಮಕ್ಕಳಲ್ಲಿ ಮಣ್ಣು, ಸುಣ್ಣ, ಗೋಡೆಯ ಚಕ್ಕೆ ತಿನ್ನುವ ಅಭ್ಯಾಸ ಹೆಚ್ಚು. ಕಬ್ಬಿಣ ಕಡಿಮೆ ಇದ್ದಾಗ ಕರುಳು ಸೀಸವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ಒಳಗೆ ಹೋದ ಸೀಸ ರಕ್ತ ತಯಾರಾಗುವುದಕ್ಕೆ ಅಡ್ಡಿ ಮಾಡಿ ರಕ್ತಹೀನತೆಯನ್ನು ಹೆಚ್ಚಿಸುತ್ತದೆ. ಇದೊಂದು ವಿಷವರ್ತುಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಆಂಧ್ರಪ್ರದೇಶದಲ್ಲಿ ಶೇ. 63, ಕರ್ನಾಟಕದಲ್ಲಿ ಶೇ. 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಇಷ್ಟೊಂದು ಮಕ್ಕಳು ಈ ವರ್ತುಲದ ಅಂಚಿನಲ್ಲಿದ್ದಾರೆ.

ಎಷ್ಟಿದ್ದರೆ ಅಪಾಯ?

ರಕ್ತದಲ್ಲಿನ ಸೀಸವನ್ನು ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಇದೆ ಎಂದು ಅಳೆಯುತ್ತಾರೆ. ಇಷ್ಟರವರೆಗೆ ಸುರಕ್ಷಿತ ಎಂಬ ಮಟ್ಟವೇ ಇಲ್ಲ. ಆದರೆ ಯಾವಾಗ ಕ್ರಮ ಕೈಗೊಳ್ಳಬೇಕು ಎಂಬುದಕ್ಕೆ ಗಡಿಗಳಿವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1991ರಲ್ಲಿ ಈ ಗಡಿಯನ್ನು 10 ಎಂದು ಇಟ್ಟಿತ್ತು. 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ಕಡಿಮೆ ಪ್ರಮಾಣವೂ ಹಾನಿ ಮಾಡುತ್ತದೆ ಎಂಬುದು ಗೊತ್ತಾಗುತ್ತಾ ಹೋದಂತೆ ಗಡಿಯೂ ಕೆಳಗಿಳಿಯಿತು. ಪ್ರಮಾಣ 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸದ ಮೂಲ ಹುಡುಕಿ ಅದನ್ನು ತಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ.

ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನ ಪ್ರತಿ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಈ ಗಡಿಯನ್ನು ಮೀರಿದೆ. ಇವರ ಸಂಖ್ಯೆ 80 ಕೋಟಿಯವರೆಗೂ ಇರಬಹುದು. ಭಾರತದ ಪಾಲು 27 ಕೋಟಿಗೂ ಹೆಚ್ಚು. ಇದು ಅಂದಾಜು ಮಾತ್ರ. ಯಾವ ಊರಿನ, ಯಾವ ಬೀದಿಯ ಮಗು ಎಂಬುದನ್ನು ಅಂದಾಜು ಹೇಳುವುದಿಲ್ಲ, ಪರೀಕ್ಷೆ ಮಾತ್ರ ಹೇಳುತ್ತದೆ.

ಬೆಂಗಳೂರಿನಿಂದ ಶುರುವಾದ ಎಚ್ಚರ

ಈ ವಿಷಯದಲ್ಲಿ ದೇಶದ ಗಮನ ಸೆಳೆದ ಕೆಲಸಕ್ಕೆ ಬೆಂಗಳೂರಿನ ನಂಟಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಜಾರ್ಜ್ ಫೌಂಡೇಶನ್ ದೇಶದ ಪ್ರಮುಖ ನಗರಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿತ್ತು. ಅಂದರೆ ಈಗಿನ ಗಡಿಯ ಎರಡು ಪಟ್ಟು. 1999ರಲ್ಲಿ ಬೆಂಗಳೂರಿನಲ್ಲಿ ಈ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು.

ಆಗಿನ ಮುಖ್ಯ ಅಪರಾಧಿ ಪೆಟ್ರೋಲ್. ಎಂಜಿನ್ ಚೆನ್ನಾಗಿ ಓಡಲೆಂದು ಪೆಟ್ರೋಲ್‌ಗೆ ಸೀಸದ ಸಂಯುಕ್ತ ಬೆರೆಸಲಾಗುತ್ತಿತ್ತು, ಅದು ಹೊಗೆಯೊಂದಿಗೆ ರಸ್ತೆಯ ಗಾಳಿಗೆ ಸೇರುತ್ತಿತ್ತು. 2000ನೇ ಇಸವಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂತು. ನಗರಗಳ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಇಳಿಯಿತು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಬಾಧೆಗೆಂದೇ ರಾಷ್ಟ್ರೀಯ ಮಟ್ಟದ ಕೇಂದ್ರವೊಂದು ಆರಂಭವಾಯಿತು. ಅದನ್ನು ಮುನ್ನಡೆಸಿದ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ 'ಭಾರತದ ಲೆಡ್ ಮ್ಯಾನ್' ಎಂದೇ ಹೆಸರಾದರು. ಈ ಇಡೀ ಕತೆಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮೊದಲು ರಕ್ತ ಪರೀಕ್ಷೆಯಾಯಿತು, ಅಂಕಿಗಳು ಬಂದವು, ಆಮೇಲೆ ಸಮಸ್ಯೆ ದೇಶದ ಕಣ್ಣಿಗೆ ಬಿತ್ತು.

ಪೆಟ್ರೋಲ್ ಹೋಯಿತು, ಸೀಸ ಎಲ್ಲಿಂದ ಬರುತ್ತಿದೆ?

ವಿಜಯವಾಡದ ಆಟೋನಗರ ದೇಶದ ಹೆಸರಾಂತ ವಾಹನ ದುರಸ್ತಿ ಕೇಂದ್ರಗಳಲ್ಲಿ ಒಂದು. ವಿಶಾಖಪಟ್ಟಣದ ಗಾಜುವಾಕ ಬಳಿಯೂ ಆಟೋನಗರವಿದೆ. ಲಾರಿ, ಬಸ್, ಆಟೋ ಇರುವಲ್ಲೆಲ್ಲ ಬ್ಯಾಟರಿ ಇದೆ, ಆ ಬ್ಯಾಟರಿಯೊಳಗೆ ಸೀಸವಿದೆ. ಮನೆಯ ಇನ್ವರ್ಟರ್ ಬ್ಯಾಟರಿಯೂ ಅದೇ ಜಾತಿ. ಇಂದು ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಬಹುಪಾಲು ಹೋಗುವುದು ಬ್ಯಾಟರಿಗಳಿಗೆ.

ಬ್ಯಾಟರಿ ಕಾರಿನಲ್ಲಿದ್ದಷ್ಟು ದಿನ ತೊಂದರೆ ಇಲ್ಲ. ಕೆಟ್ಟ ಬ್ಯಾಟರಿಯನ್ನು ಒಡೆದು, ಬಯಲಿನಲ್ಲಿ ಸೀಸ ಕರಗಿಸುವಾಗ ಅಪಾಯ ಶುರುವಾಗುತ್ತದೆ. ಹಳೆಯ ಬ್ಯಾಟರಿಯನ್ನು ನೋಂದಾಯಿತ ಘಟಕಗಳಿಗೇ ಕೊಡಬೇಕು ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಆದರೆ ಸೀಸಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇರುವುದರಿಂದ ಕಳ್ಳದಾರಿಯ ಕರಗಿಸುವಿಕೆ ನಿಂತಿಲ್ಲ. ಸೆನೆಗಲ್ ದೇಶದ ರಾಜಧಾನಿ ಡಾಕರ್ ಬಳಿಯ ಒಂದು ಬಡಾವಣೆಯಲ್ಲಿ 2007-08ರ ಅವಧಿಯಲ್ಲಿ 18 ಮಕ್ಕಳು ಮೃತಪಟ್ಟಿದ್ದರು. ಬ್ಯಾಟರಿ ಸೀಸ ಬೆರೆತ ಮಣ್ಣನ್ನು ಮನೆಯಂಗಳದಲ್ಲಿ ಜರಡಿ ಹಿಡಿಯುತ್ತಿದ್ದುದೇ ಅದಕ್ಕೆ ಕಾರಣ ಎಂಬುದು ತನಿಖೆಯಿಂದ ಹೊರಬಂತು.

ಗ್ಯಾರೇಜಿನಲ್ಲಿ ಕೆಲಸ ಮಾಡುವ ತಂದೆ ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಂಡರೂ ಸಾಕು, ಬಟ್ಟೆಗಂಟಿದ ಸೀಸದ ಧೂಳು ಮಗುವಿಗೆ ತಲುಪುತ್ತದೆ. ಕರಾವಳಿಯಲ್ಲಿ ಬಲೆ ಮುಳುಗಲು ಕಟ್ಟುವ ಸೀಸದ ಗುಂಡುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಗುಂಡುಗಳನ್ನು ಮನೆಯಲ್ಲೇ ಕರಗಿಸಿ ಎರಕ ಹೊಯ್ಯುವುದು, ಮಕ್ಕಳು ಅವುಗಳೊಂದಿಗೆ ಆಡುವುದು ಎರಡೂ ಅಪಾಯ.

ವಿಶಾಖಪಟ್ಟಣಕ್ಕೆ ಇನ್ನೊಂದು ಇತಿಹಾಸವೂ ಇದೆ. ನಗರದ ಮಿಂಡಿ ಪ್ರದೇಶದಲ್ಲಿ 1970ರ ದಶಕದಿಂದ ಸತು-ಸೀಸ ಕರಗಿಸುವ ಘಟಕವಿತ್ತು. 2012ರಲ್ಲಿ ಅದು ಉತ್ಪಾದನೆ ನಿಲ್ಲಿಸಿತು. ಪ್ಲಾಸ್ಟಿಕ್ ಕೂಡ ಕಾಲಾಂತರದಲ್ಲಿ ಚೂರಾಗುತ್ತದೆ, ಆದರೆ ಸೀಸ ಮೂಲಧಾತು, ಅದು ಕೊಳೆಯುವುದಿಲ್ಲ. ಮಣ್ಣಿಗೆ ಬಿದ್ದ ಸೀಸ ಮೇಲ್ಪದರದಲ್ಲೇ ದಶಕಗಳ ಕಾಲ ಉಳಿಯಬಲ್ಲದು. ಇಂತಹ ಘಟಕಗಳಿದ್ದ ಯಾವುದೇ ಊರಿನಲ್ಲಿ ಸುತ್ತಲಿನ ಮಣ್ಣು ಹೇಗಿದೆ, ಮಕ್ಕಳ ರಕ್ತ ಹೇಗಿದೆ ಎಂಬುದನ್ನು ಊಹಿಸಲು ಆಗದು, ಅಳೆದೇ ನೋಡಬೇಕು.

ಬಣ್ಣ, ಆಟಿಕೆ, ಅಡುಗೆಮನೆ

ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ 2016ರ ನವೆಂಬರ್‌ನಲ್ಲಿ ಪ್ರಕಟವಾಗಿ, ಮರುವರ್ಷ ಜಾರಿಗೆ ಬಂತು. ಅದಕ್ಕೂ ಮೊದಲು ಬಳಿದ ಎನಾಮಲ್ ಬಣ್ಣ ಹಳೆಯ ಮನೆಗಳ ಬಾಗಿಲು, ಕಿಟಕಿ, ಗ್ರಿಲ್‌ಗಳ ಮೇಲೆ ಇನ್ನೂ ಇದೆ. ಅದನ್ನು ಉಜ್ಜುಕಾಗದದಿಂದ ಉಜ್ಜಿದಾಗ ಏಳುವ ಧೂಳಿನಲ್ಲಿ ಸೀಸವಿರುವ ಸಾಧ್ಯತೆ ಹೆಚ್ಚು. ಈ ನಿಯಮ ಮನೆಬಳಕೆಯ ಬಣ್ಣಗಳಿಗೆ ಸೀಮಿತ, ಕೈಗಾರಿಕಾ ಬಣ್ಣಗಳಿಗೆ ಅನ್ವಯವಾಗದು.

ಆಟಿಕೆಗಳ ವಿಷಯದಲ್ಲಿ ಆಂಧ್ರಕ್ಕೆ ಒಳ್ಳೆಯ ಉದಾಹರಣೆಯೂ ಇದೆ. ವಿಶಾಖಪಟ್ಟಣಕ್ಕೆ ಸಮೀಪದ ಏಟಿಕೊಪ್ಪಾಕ ಅರಗಿನ ಬೊಂಬೆಗಳಿಗೆ ಹೆಸರುವಾಸಿ, ನಮ್ಮ ಚನ್ನಪಟ್ಟಣದ ಹಾಗೆ. ಅಲ್ಲಿ ರಾಸಾಯನಿಕ ಬಣ್ಣಗಳ ಬದಲು ಬೇರು, ತೊಗಟೆ, ಬೀಜಗಳಿಂದ ತೆಗೆದ ಬಣ್ಣವನ್ನು ಮತ್ತೆ ಬಳಕೆಗೆ ತರಲು ದುಡಿದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ವಿಜಯವಾಡದ ಬಳಿ ಕೊಂಡಪಲ್ಲಿ ಬೊಂಬೆಗಳಿವೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾದರೂ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಹಾಗಾಗಿ ಕೈಮಗ್ಗದ ಸೀರೆ ಕೊಳ್ಳುವಾಗ ನೂಲು ಯಾವುದೆಂದು ಕೇಳುವಂತೆ, ಬೊಂಬೆ ಕೊಳ್ಳುವಾಗ ಬಣ್ಣ ಯಾವುದೆಂದು ಕೇಳಿ ಕೊಳ್ಳುವುದು ಒಳ್ಳೆಯದು.

ಅಡುಗೆಮನೆಯಲ್ಲಿ ಮುಖ್ಯ ಅನುಮಾನ ಅರಿಸಿನದ ಮೇಲೆ. ರೈತ ಬೆಳೆದ ಅರಿಸಿನದಲ್ಲಿ ದೋಷವಿಲ್ಲ. ಕೊಂಬಿಗೆ ಪಾಲಿಶ್ ಮಾಡುವಾಗ ಅಥವಾ ಪುಡಿ ಮಾಡುವಾಗ ಹೊಳಪಿಗಾಗಿ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸಿದರೆ ಅದು ವಿಷ. ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆ, ಸೀಸ ಬೆರೆಸಿದ ಕಲಾಯಿ, ಕೆಲವು ಕಾಡಿಗೆ ಮತ್ತು ಸಿಂಧೂರ, ಪರೀಕ್ಷೆಗೊಳಗಾಗದ ಭಸ್ಮಗಳು ಕೂಡ ಮೂಲಗಳಾಗಬಹುದು.

ಪರೀಕ್ಷೆ ಹೇಗೆ ಮಾಡುತ್ತಾರೆ?

ದೊಡ್ಡ ಗುಂಪಿನ ಮಕ್ಕಳನ್ನು ಪರೀಕ್ಷಿಸಲು ಬೆರಳ ತುದಿಯಿಂದ ಒಂದೆರಡು ಹನಿ ರಕ್ತ ಸಾಕು. ಕೈಯಲ್ಲಿ ಒಯ್ಯಬಹುದಾದ ಸಣ್ಣ ಯಂತ್ರದಲ್ಲಿ ಸುಮಾರು 3 ನಿಮಿಷಗಳಲ್ಲಿ ಫಲಿತಾಂಶ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ಬೆರಳಿಗೆ ಸೀಸದ ಧೂಳು ಅಂಟಿದ್ದರೆ ರಕ್ತದೊಂದಿಗೆ ಅದೂ ಸೇರಿ ಅಂಕಿ ಸುಳ್ಳಾಗಿ ಏರುತ್ತದೆ. ಅದಕ್ಕೆ ಮಗುವಿನ ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು, ಮೊದಲ ಹನಿಯನ್ನು ಒರೆಸಿ ನಂತರದ ಹನಿಯನ್ನು ತೆಗೆದುಕೊಳ್ಳಬೇಕು. ಬೆರಳಿನ ಪರೀಕ್ಷೆಯಲ್ಲಿ ಪ್ರಮಾಣ ಹೆಚ್ಚು ಬಂದರೆ ಅದೇ ಅಂತಿಮವಲ್ಲ. ತೋಳಿನ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು.

ಯಾವ ವಯಸ್ಸಿನಲ್ಲಿ ಪರೀಕ್ಷೆ ಮಾಡಿಸಬೇಕು? ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ ಪ್ರಮಾಣ ಅತಿ ಹೆಚ್ಚಿರುತ್ತದೆ. ಅಮೆರಿಕದಲ್ಲಿ ಸರ್ಕಾರಿ ಆರೋಗ್ಯ ವಿಮೆಯಲ್ಲಿರುವ ಬಡ ಮಕ್ಕಳಿಗೆ 1 ಮತ್ತು 2ನೇ ವರ್ಷಕ್ಕೆ ಈ ಪರೀಕ್ಷೆ ಕಡ್ಡಾಯ.

ಹೆಚ್ಚು ಬಂದರೆ ಔಷಧ ಇದೆಯೇ?

ಇದೆ, ಆದರೆ ಎಲ್ಲರಿಗೂ ಅಲ್ಲ. ರಕ್ತದ ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಚಿಕಿತ್ಸೆಗೆ ಕೀಲೇಶನ್ ಎನ್ನುತ್ತಾರೆ. 10 ವರ್ಷದೊಳಗಿನ ಮಕ್ಕಳಲ್ಲಿ ಪ್ರಮಾಣ 45 ಅಥವಾ ಹೆಚ್ಚಿದ್ದರೆ ಈ ಚಿಕಿತ್ಸೆ ಕೊಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ವೈದ್ಯರ ನಿಗಾ ಬೇಕೇ ಬೇಕು. 'ದೇಹ ಶುದ್ಧಿ' ಹೆಸರಿನಲ್ಲಿ ಮಾರುವ ಪುಡಿ, ಕಷಾಯಗಳಿಂದ ಸೀಸ ಹೋಗುವುದಿಲ್ಲ.

ಹೆಚ್ಚಿನ ಮಕ್ಕಳ ಪ್ರಮಾಣ ಈ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಅವರಿಗೆ ನಿಜವಾದ ಚಿಕಿತ್ಸೆ ಎಂದರೆ ಸೀಸದ ಮೂಲವನ್ನು ದೂರ ಮಾಡುವುದು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆ ನೀಗಿಸುವುದು, ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸುವುದು, ಮಾತು ಮತ್ತು ಕಲಿಕೆಯ ಮೇಲೆ ಕಣ್ಣಿಡುವುದು. ಮೂಲ ಹಾಗೆಯೇ ಇದ್ದರೆ ಔಷಧ ಕೊಟ್ಟರೂ ಪ್ರಮಾಣ ಮತ್ತೆ ಏರುತ್ತದೆ.

ಪರೀಕ್ಷೆಯಿಂದ ಊರೇ ಬದಲಾದ ಉದಾಹರಣೆ ಇದೆಯೇ?

ಜಾರ್ಜಿಯಾ ದೇಶ 2018ರಲ್ಲಿ ರಾಷ್ಟ್ರೀಯ ಸಮೀಕ್ಷೆಯೊಂದರ ಜೊತೆಗೇ ಮಕ್ಕಳ ರಕ್ತವನ್ನೂ ಪರೀಕ್ಷಿಸಿತು. ಶೇ. 41ರಷ್ಟು ಮಕ್ಕಳಲ್ಲಿ ಸೀಸ 5ರ ಗಡಿ ಮುಟ್ಟಿತ್ತು ಅಥವಾ ಮೀರಿತ್ತು. ಹುಡುಕುತ್ತಾ ಹೋದಾಗ ಮಸಾಲೆ ಪುಡಿಗಳು ಪ್ರಮುಖ ಮೂಲವೆಂದು ತಿಳಿಯಿತು, ಸರ್ಕಾರ ಬಿಗಿ ಕ್ರಮ ಕೈಗೊಂಡಿತು.

ಬಾಂಗ್ಲಾದೇಶದ ಕತೆಯೂ ಹೀಗೆಯೇ. ಅಲ್ಲಿನ ಗರ್ಭಿಣಿಯರ ರಕ್ತದಲ್ಲಿ ಸಿಕ್ಕ ಸೀಸದ ಜಾಡು ಹಿಡಿದ ಸಂಶೋಧಕರು ಅರಿಸಿನದ ಕಲಬೆರಕೆಗೆ ಬಂದು ಮುಟ್ಟಿದರು. 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಪತ್ತೆಯಾಗಿತ್ತು. ಪ್ರಚಾರ, ದಾಳಿ, ದಂಡದ ನಂತರ 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಎರಡೂ ಕಡೆ ದಾರಿ ತೋರಿಸಿದ್ದು ರಕ್ತ ಪರೀಕ್ಷೆ.

ನಮ್ಮಲ್ಲಿ ಇದಕ್ಕಾಗಿ ಹೊಸ ಇಲಾಖೆಯೇನೂ ಬೇಕಿಲ್ಲ. ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ರಕ್ತಹೀನತೆ, ಬೆಳವಣಿಗೆಯ ವಿಳಂಬ ಅದರ ಪಟ್ಟಿಯಲ್ಲಿವೆ. ಆರಂಭದಲ್ಲಿ ಗುರುತಿಸಿದ ಸುಮಾರು 30 ತೊಂದರೆಗಳ ಪಟ್ಟಿಯಲ್ಲಿ ಸೀಸ ಇರಲಿಲ್ಲ. ಆಟೋನಗರ, ಗುಜರಿ ಬಜಾರು, ಹಳೆಯ ಕೈಗಾರಿಕಾ ಪ್ರದೇಶ, ಮೀನುಗಾರರ ಬಡಾವಣೆಗಳ ಅಂಗನವಾಡಿಗಳಿಂದ ಶುರು ಮಾಡಿದರೂ ಅಪಾಯ ಎಲ್ಲಿದೆ ಎಂಬ ನಕ್ಷೆ ಸಿಗುತ್ತದೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಗ್ಯಾರೇಜು ಬೀದಿಗಳಿಗೂ ಇದೇ ಮಾತು ಸಲ್ಲುತ್ತದೆ.

ಮನೆಯಲ್ಲಿ ನೀವು ಏನು ಮಾಡಬಹುದು?

- ಊಟಕ್ಕೆ ಮೊದಲು, ಆಟವಾಡಿ ಬಂದ ಮೇಲೆ ಮಗುವಿನ ಕೈಯನ್ನು ಸೋಪಿನಿಂದ ತೊಳೆಯಿರಿ.
- ನೆಲ, ಕಿಟಕಿಯ ಅಂಚುಗಳನ್ನು ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಿ.
- ಬ್ಯಾಟರಿ, ವೆಲ್ಡಿಂಗ್, ಪೇಂಟಿಂಗ್ ಕೆಲಸ ಮಾಡುವವರು ಸ್ನಾನ ಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.
- ಹಳೆಯ ಬಣ್ಣ ಕೆರೆಯುವಾಗ ಪುಟ್ಟ ಮಕ್ಕಳು, ಗರ್ಭಿಣಿಯರು ಆ ಮನೆಯಲ್ಲಿರಬಾರದು.
- ಅತಿಯಾಗಿ ಹೊಳೆಯುವ ಅರಿಸಿನ ಕೊಂಬು, ಬಿಡಿಯಾಗಿ ಮಾರುವ ಪುಡಿಯ ಬಗ್ಗೆ ಎಚ್ಚರವಿರಲಿ.
- ರಾಗಿ, ಸೊಪ್ಪು, ಹಾಲು, ಕಾಳು, ಮೊಟ್ಟೆ ಊಟದಲ್ಲಿರಲಿ. ಮಗು ಖಾಲಿ ಹೊಟ್ಟೆಯಲ್ಲಿದ್ದರೆ ಸೀಸ ಬೇಗ ಹೀರಿಕೊಳ್ಳುತ್ತದೆ.
- ಮಗು ಮಣ್ಣು ತಿನ್ನುತ್ತಿದ್ದರೆ, ಮನೆಯಲ್ಲಿ ಸೀಸದ ಕೆಲಸ ಮಾಡುವವರಿದ್ದರೆ ಮಕ್ಕಳ ವೈದ್ಯರಿಗೆ ಹೇಳಿ, ರಕ್ತದ ಸೀಸ ಪರೀಕ್ಷೆ ಬೇಕೇ ಎಂದು ಕೇಳಿ.

ಏಲೂರಿನಲ್ಲಿ ಜನ ಕುಸಿದು ಬಿದ್ದಾಗ ಇಡೀ ದೇಶ ಅತ್ತ ತಿರುಗಿ ನೋಡಿತು. ಸೀಸ ಸಾಮಾನ್ಯವಾಗಿ ಯಾರನ್ನೂ ಹಾಗೆ ಕೆಡವುವುದಿಲ್ಲ. ಮಗು ಆಡುತ್ತಲೇ ಇರುತ್ತದೆ, ಬೆಳೆಯುತ್ತಲೇ ಇರುತ್ತದೆ, ಕಲಿಯಬೇಕಾದಷ್ಟು ಕಲಿಯುವುದಿಲ್ಲ ಅಷ್ಟೇ. ಅದನ್ನು ಸಕಾಲಕ್ಕೆ ತಿಳಿಸಬಲ್ಲದ್ದು ಬೆರಳ ತುದಿಯ ಒಂದೆರಡು ಹನಿ ರಕ್ತ ಮಾತ್ರ.